ಮಾವನವರಿಗೆ ಒಂದು ನಿಮಿಷ

ರವೀಂದ್ರ ಮೇಷ್ಟ್ರಿಗೆ ಈ ಲೋಕದ ಮೇಲಿದ್ದ ದೂರು ಒಂದೇ. ಜನಕ್ಕೆ ಸ್ವಿಚ್ಚು ಹಾಕುವುದು ಗೊತ್ತು, ಆರಿಸುವುದು ಗೊತ್ತಿಲ್ಲ.

ಅವರು ಬಾಗೂರು ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಹೇಳುತ್ತಿದ್ದರು. ಮನೆ ಚನ್ನರಾಯಪಟ್ಟಣದಲ್ಲಿ. ಆ ಮನೆಯಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವವರು ಹಿಂದಿನದನ್ನು ಕತ್ತಲು ಮಾಡಿಯೇ ಹೋಗಬೇಕು ಎಂಬುದು ಅಲಿಖಿತ ಸಂವಿಧಾನ. ಹೆಂಡತಿ ಸ್ನೇಹಲತಾ ಒಗ್ಗರಣೆಗೆ ಸಾಸಿವೆ ಹಾಕಿ, ಕರಿಬೇವು ಕಿತ್ತು ತರೋಣವೆಂದು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಅಡುಗೆಮನೆಯ ದೀಪ ಆರಿರುತ್ತಿತ್ತು. ಸಾಸಿವೆ ಕತ್ತಲಲ್ಲೇ ಚಟಪಟ ಎನ್ನುತ್ತಿತ್ತು. ಅವಳೂ ಏನಾದರೊಂದು ಮಾತು ಸಿಡಿಸುತ್ತಿದ್ದಳು. ಮೇಷ್ಟ್ರು ಎರಡನ್ನೂ ಸಮಾನ ಗಾಂಭೀರ್ಯದಿಂದ ಕೇಳಿಸಿಕೊಳ್ಳುತ್ತಿದ್ದರು.

ಈ ಕತ್ತಲ ಸಾಮ್ರಾಜ್ಯಕ್ಕೆ ಸೋಲದೆ ಉಳಿದಿದ್ದ ಒಂದೇ ಸಂಸ್ಥಾನವೆಂದರೆ ಸ್ನೇಹಲತಾಳ ಕಂಪ್ಯೂಟರು. ಅವಳು ಹಳೆಯ ಫೋಟೋಗಳನ್ನು ಸರಿಮಾಡಿಕೊಡುವ ಕೆಲಸ ಮಾಡುತ್ತಿದ್ದಳು. ಗೆದ್ದಲು ತಿಂದದ್ದು, ನೀರು ಕುಡಿದದ್ದು, ಮಡಚಿ ಮಡಚಿ ಮೂಗಿನ ಮೇಲೇ ಗೆರೆ ಬಿದ್ದದ್ದು, ಎಲ್ಲವನ್ನೂ ಊರಿನ ಸ್ಟುಡಿಯೋದವರು ಅವಳಿಗೆ ಕಳಿಸುತ್ತಿದ್ದರು. ಅವಳು ಕೂತು ಒಬ್ಬರಿಗೆ ಕಿವಿ, ಇನ್ನೊಬ್ಬರಿಗೆ ಅರ್ಧ ಮೀಸೆ, ಮತ್ತೊಬ್ಬರಿಗೆ ಕಳೆದುಹೋದ ಕಣ್ಣು ವಾಪಸು ಕೊಡುತ್ತಿದ್ದಳು. ಈ ಕೆಲಸದಲ್ಲಿ ಕೈಗಿಂತ ಕಣ್ಣಿಗೆ ದುಡಿಮೆ ಜಾಸ್ತಿ. ಎಷ್ಟೋ ಹೊತ್ತು ಕೆನ್ನೆಗೆ ಕೈಯಿಟ್ಟು ಆ ಮುಖವನ್ನೇ ನೋಡುತ್ತ ಕೂರಬೇಕು. ಆಮೇಲೆ ಒಂದು ಗೆರೆ. ಮತ್ತೆ ನೋಟ.

ಮೇಷ್ಟ್ರ ಕಣ್ಣಿಗೆ ಬಿದ್ದದ್ದು ಕೆನ್ನೆಗೆ ಇಟ್ಟ ಕೈ ಮಾತ್ರ. ಹೆಂಡತಿ ಸುಮ್ಮನೆ ಕೂತಿದ್ದಾಳೆ, ಎದುರಿಗೆ ಅಷ್ಟಗಲದ ಮಾನಿಟರು ಧಗಧಗ ಉರಿಯುತ್ತಿದೆ. ಈ ಅನ್ಯಾಯವನ್ನು ಕಂಡೂ ಕಂಡೂ ಅವರಿಗೆ ಅನ್ನ ಸೇರದಂತಾಯಿತು (ಮುದ್ದೆ ಸೇರುತ್ತಿತ್ತು). ಆಗಲೇ ಮೊಬೈಲಿನಲ್ಲಿ ಒಂದು ವಿಡಿಯೋ ಸಿಕ್ಕಿತು. ಕಂಪ್ಯೂಟರಿನೊಳಗೇ ಒಂದು ಜಾಗವಿದೆ, ಅಲ್ಲಿ ಇಷ್ಟು ಹೊತ್ತು ಯಾರೂ ಮುಟ್ಟದಿದ್ದರೆ ಪರದೆ ತಾನಾಗಿ ಆರಬೇಕು ಎಂದು ಬರೆದಿಟ್ಟರೆ ಸಾಕು, ಆರುತ್ತದೆ. ಮುಟ್ಟಿದರೆ ಮತ್ತೆ ಹತ್ತುತ್ತದೆ.

ಮೇಷ್ಟ್ರಿಗೆ ರೋಮಾಂಚನವಾಯಿತು. ತಾವಿಲ್ಲದ ಹೊತ್ತಿನಲ್ಲೂ ತಮ್ಮ ಕೆಲಸ ಮಾಡುವ ಶಿಷ್ಯನೊಬ್ಬ ಇಷ್ಟು ದಿನ ಮನೆಯಲ್ಲೇ ಇದ್ದ. ಸ್ನೇಹಲತಾ ಪಕ್ಕದ ಬೀದಿಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದಾಗ ವಿಡಿಯೋ ಮುಂದಿಟ್ಟುಕೊಂಡು ಆ ಜಾಗಕ್ಕೆ ತಲುಪಿದರು. ಹತ್ತು ನಿಮಿಷ, ಐದು ನಿಮಿಷ ಎಂದು ಮೇಲೆ ಮೇಲೆ ಹತ್ತಿ, ಎಲ್ಲಕ್ಕಿಂತ ತುದಿಯಲ್ಲಿದ್ದ ಒಂದು ನಿಮಿಷವನ್ನು ಒತ್ತಿದರು. ಅದಕ್ಕಿಂತ ಕಡಿಮೆ ಅಲ್ಲಿರಲಿಲ್ಲ.

ಹೆಂಡತಿಗೆ ಹೇಳಲಿಲ್ಲ. ದೊಡ್ಡ ಸುಧಾರಣೆಗಳು ಸದ್ದಿಲ್ಲದೆ ನಡೆಯಬೇಕು ಎಂಬುದು ಅವರ ನಂಬಿಕೆ (ಸದ್ದಾದರೆ ಅವಳು ಒಪ್ಪುವುದಿಲ್ಲ ಎಂಬುದೂ).

ಆದರೆ ಸ್ನೇಹಲತಾ ಆ ವಾರ ಊರಿನವರ ಫೋಟೋಗಳನ್ನೆಲ್ಲ ಪಕ್ಕಕ್ಕಿಟ್ಟು ತನ್ನ ಅಪ್ಪನ ಫೋಟೋ ಕೈಗೆತ್ತಿಕೊಂಡಿದ್ದಳು. ಅವಳ ಅಪ್ಪ ನಂಜಪ್ಪನವರು ರಾಮನಾಥಪುರದಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದವರು. ತೀರಿಹೋಗಿ ಬಹಳ ಕಾಲವಾಗಿತ್ತು. ಅವರದು ಅಂತ ಉಳಿದಿದ್ದು ಒಂದೇ ಫೋಟೋ, ಅದೂ ಹೊಳೆಯ ನೀರು ಮನೆಗೆ ನುಗ್ಗಿದ ವರ್ಷ ನೆನೆದು ಮುಖದ ಅರ್ಧ ಮಸಿ ಕಲಸಿದ ಹಾಗಾಗಿತ್ತು. ಅದನ್ನು ಸರಿಮಾಡಿ ದೊಡ್ಡದು ಮಾಡಿಸಿ ಕೊಡು ಎಂದು ಹಾಸನದಲ್ಲಿದ್ದ ಅಕ್ಕ ಅನಸೂಯಮ್ಮ ಕೇಳುತ್ತಲೇ ಇದ್ದರು.

ಈ ಅಕ್ಕನ ಮನೆಯ ವಿಷಯ ಇಲ್ಲೇ ಹೇಳಿಬಿಡಬೇಕು. ಅವರ ಹೊಸ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದಾಗ ಮೇಷ್ಟ್ರು ಅಭ್ಯಾಸಬಲದಿಂದ ನಡುಮನೆಯ ಪಕ್ಕದಲ್ಲಿ ಸುಮ್ಮನೆ ಉರಿಯುತ್ತಿದ್ದ ದೀಪವೊಂದನ್ನು ಆರಿಸಿದರು. ಅದು ಬಚ್ಚಲಮನೆಯದು. ಒಳಗೆ ಮನೆಯ ಯಜಮಾನ, ಅನಸೂಯಮ್ಮನ ಗಂಡ ಗೌರೀಶಂಕರ, ಮುಖಕ್ಕೆಲ್ಲ ಸೋಪು ಬಳಿದುಕೊಂಡು ನಿಂತಿದ್ದರು. ಅವರು ತಡವರಿಸುತ್ತ ಹೊರಬಂದು ಎಲೆಯ ಮುಂದೆ ಕೂತಿದ್ದ ನೆಂಟರಿಗೆಲ್ಲ ನಡೆದದ್ದನ್ನು ವಿವರಿಸಿದರು. ಅಂದಿನಿಂದ ಆ ಕಡೆಯ ಬಳಗದಲ್ಲಿ ರವೀಂದ್ರರಿಗೆ 'ಕತ್ತಲೆ ಮೇಷ್ಟ್ರು' ಎಂದೇ ಹೆಸರಾಯಿತು. ಅಂದಿನಿಂದಲೇ ಮೇಷ್ಟ್ರು ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಗಂಡನನ್ನು ಬಿಟ್ಟು ಒಬ್ಬಳೇ ಹೋಗಲು ಸ್ನೇಹಲತಾಗೂ ಮನಸ್ಸಾಗದೆ ಅಕ್ಕತಂಗಿಯರ ಒಡನಾಟ ಫೋನಿನಲ್ಲೇ ನಡೆದಿತ್ತು.

ಈಗ ಅವಳು ಅಪ್ಪನ ಉಳಿದ ಅರ್ಧ ಮುಖವನ್ನು ನೋಡುತ್ತ ಕೂತಳು. ಮಚ್ಚೆ ಎಡಗೆನ್ನೆಯಲ್ಲಿತ್ತೋ ಬಲಗೆನ್ನೆಯಲ್ಲೋ? ನಗುವಾಗ ಯಾವ ಕಣ್ಣು ಮೊದಲು ಸಣ್ಣದಾಗುತ್ತಿತ್ತು? ಇನ್ನೇನು ನೆನಪಿಗೆ ಬಂತು ಅನ್ನುವಷ್ಟರಲ್ಲಿ ಪರದೆ ಕಪ್ಪಾಯಿತು. ಮೌಸು ಅಲ್ಲಾಡಿಸಿದಳು, ಅಪ್ಪ ಬಂದರು. ನೋಡುತ್ತ ಕೂತಳು, ಅಪ್ಪ ಹೋದರು. ಹಗಲೆಲ್ಲ ಇದೇ ಆಯಿತು.

ಊಟಕ್ಕೆ ಕೂತಾಗ ಅವಳು ಗಂಡನಿಗೆ ಹೇಳಿದಳು, "ಮಾನಿಟರು ಕೆಟ್ಟೋಗ್ತಾ ಐತೇನೋ ಕಣ್ರೀ. ಅಪ್ಪನ ಮುಖ ನೋಡ್ತಾ ಕೂತ್ರೆ, ಅವ್ರೇ ಎದ್ದು ಒಂಟೋದಂಗೆ ಆಯ್ತದೆ. ಇನ್ನೊಂದ್ ಗಳಿಗೆ ಇರಪ್ಪ ಅಂತ ಬಾಯಿಗೇ ಬಂದ್ಬುಡ್ತು ಇವತ್ತು."

ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು. ಮೇಷ್ಟ್ರು ಮುರಿದ ಮುದ್ದೆಯನ್ನು ತಟ್ಟೆಗೇ ಇಟ್ಟರು. ಹೇಳಬೇಕಾದ ಹೊತ್ತು ಅದೇ. ಹೇಳುವ ಬದಲು ಅವರು ವೈರು ಸಡಿಲವಾಗಿರಬಹುದು, ಕರೆಂಟು ಏರುಪೇರಾಗಿರಬಹುದು, ಎಂದು ವಿಜ್ಞಾನದ ಮೇಷ್ಟ್ರಿಗೆ ತಕ್ಕ ಗಂಭೀರ ಕಾರಣಗಳನ್ನು ಕೊಟ್ಟರು. ತಾವು ಮಾವನವರಿಗೆ ಒಂದು ನಿಮಿಷ ಗಡುವು ಕೊಟ್ಟು ಕೂರಿಸಿದ್ದೇವೆ ಎನ್ನಲು ನಾಲಗೆ ಏಳಲಿಲ್ಲ.

ಸದ್ದಿಲ್ಲದೆ ಮಾಡಿದ್ದನ್ನು ಸದ್ದಿಲ್ಲದೆ ತೆಗೆದುಬಿಟ್ಟರಾಯಿತು ಎಂದು ಮರುದಿನ ಅವಳು ತರಕಾರಿಗೆ ಹೋದಾಗ ಕಂಪ್ಯೂಟರಿನ ಮುಂದೆ ಕೂತರು. ಹಾಳಾದ ಆ ವಿಡಿಯೋ ಮತ್ತೆ ಸಿಗಲಿಲ್ಲ. ಅಂದಾಜಿನ ಮೇಲೆ ಅಲ್ಲಿ ಇಲ್ಲಿ ಒತ್ತಿದರು. ಮೊದಲು ಅಕ್ಷರಗಳೆಲ್ಲ ಗೋಡೆ ಬರಹದಷ್ಟು ದಪ್ಪಗಾದವು. ಆಮೇಲೆ ಬಾಣದ ಗುರುತು ಊದಿಕೊಂಡು ಮಾವಿನಕಾಯಿಯಷ್ಟಾಯಿತು. ಕೊನೆಗೆ ಏನು ಒತ್ತಿದರೋ, ಇಡೀ ಪರದೆಯೇ ಮಗ್ಗುಲಿಗೆ ತಿರುಗಿ, ನಂಜಪ್ಪನವರು ಅಡ್ಡಡ್ಡಲಾಗಿ ಮಲಗಿ ಅಳಿಯನನ್ನು ದಿಟ್ಟಿಸತೊಡಗಿದರು. ಮೇಷ್ಟ್ರು ಬೆವೆತು ಹೋದರು. ತಲೆ ವಾಲಿಸಿಕೊಂಡು, ಮೇಲೆ ಒಯ್ದರೆ ಪಕ್ಕಕ್ಕೆ ಓಡುವ ಮೌಸನ್ನು ಹಿಡಿದು ಒದ್ದಾಡಿ, ಅದು ಹೇಗೆ ನೆಟ್ಟಗಾಯಿತೋ ಅವರಿಗೇ ತಿಳಿಯಲಿಲ್ಲ. ಅಕ್ಷರಗಳು ಸಣ್ಣಗಾದವು. ಬಾಣದ ಗುರುತು ಮಾತ್ರ ಮಾವಿನಕಾಯಾಗಿಯೇ ಉಳಿಯಿತು. ಒಂದು ನಿಮಿಷವೂ ಉಳಿಯಿತು. ಗೇಟಿನ ಸದ್ದು ಕೇಳಿ ಅವರು ದಿನಪತ್ರಿಕೆ ಹಿಡಿದು ಕೂತರು.

ಅವಳು ಬಂದು ಕಂಪ್ಯೂಟರಿನ ಮುಂದೆ ನಿಂತು ಆ ಬಾಣವನ್ನು ನೋಡಿದಳು. ದಿನಪತ್ರಿಕೆಯ ಹಿಂದಿದ್ದ ಗಂಡನನ್ನು ನೋಡಿದಳು. ಆಮೇಲೆ ಆ ಕೋಣೆಯ ಬಾಗಿಲು ಮುಚ್ಚಿಕೊಂಡೇ ಇರುತ್ತಿತ್ತು. ಮೇಷ್ಟ್ರಿಗೂ ಅದನ್ನು ತೆರೆಯುವ ಧೈರ್ಯವಿರಲಿಲ್ಲ.

ಕೆಲವು ದಿನ ಕಳೆದು ಅವರು ಶಾಲೆಯಿಂದ ಬಂದಾಗ ಮಂಚದ ಮೇಲೆ ಒಂದು ಗಂಟು ಇತ್ತು. ಚಪ್ಪಟೆಯಾಗಿ, ಅಷ್ಟಗಲವಾಗಿ, ಹಳೆಯ ನೂಲಿನ ಸೀರೆಯಲ್ಲಿ ಸುತ್ತಿ ಹುರಿಯಿಂದ ಕಟ್ಟಿತ್ತು. ಇದನ್ನು ಹಾಸನಕ್ಕೆ ತಗೊಂಡು ಹೋಗಬೇಕು, ಅಲ್ಲಿ ಗೊತ್ತಿರುವವರು ಇದ್ದಾರೆ, ನೋಡುತ್ತಾರೆ ಎಂದಳು ಸ್ನೇಹಲತಾ. ಮೇಷ್ಟ್ರು ಗಂಟಿನ ಅಗಲ ನೋಡಿಯೇ ಲೆಕ್ಕ ಹಾಕಿದರು. ನಿಮಿಷ ನಿಮಿಷಕ್ಕೂ ಆರಿ ಹತ್ತಿ, ಆರಿ ಹತ್ತಿ, ಪಾಪದ ಮಾನಿಟರು ನಿಜವಾಗಿಯೂ ಸತ್ತೇಹೋಗಿದೆ. ಅವಳು ತನ್ನ ದುಡಿಮೆಯಲ್ಲಿ ಕೊಂಡ ಮೊದಲ ವಸ್ತು ಅದು. ಬರುವ ಭಾನುವಾರವೇ ಹೋಗೋಣ, ನಾನೇ ಹೊತ್ತು ತರುತ್ತೇನೆ ಎಂದರು.

ಬಸ್ಸಿನಲ್ಲಿ ಆ ಗಂಟಿಗೆ ಸಿಕ್ಕ ಉಪಚಾರ ಬಾಣಂತಿಗೂ ಸಿಗಲಿಕ್ಕಿಲ್ಲ. ಮೇಷ್ಟ್ರು ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅಡಿಗೆ ಟವೆಲ್ಲು ಮಡಚಿಟ್ಟು, ಎರಡೂ ತೋಳಿನಿಂದ ತಬ್ಬಿದ್ದರು. ಹಂಪು ಬಂದಾಗಲೆಲ್ಲ ಗಾಳಿಯಲ್ಲಿ ಎತ್ತಿ ಹಿಡಿದು, ದಾಟಿದ ಮೇಲೆ ಮೆಲ್ಲಗೆ ಇಳಿಸಿ, ಒಮ್ಮೆ ಸವರುತ್ತಿದ್ದರು. ಕಂಡಕ್ಟರು ಬಂದು ಅದೇನು ಎಂದು ಕೇಳಿದ. ಮಾನಿಟರು ಎಂದರು ಮೇಷ್ಟ್ರು. ಸ್ನೇಹಲತಾ ಥಟ್ಟನೆ ಕಿಟಕಿಯ ಕಡೆಗೆ ತಿರುಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಹೆಗಲು ಅಲುಗುತ್ತಿತ್ತು.

ಅಳುತ್ತಿದ್ದಾಳೆ. ಮೇಷ್ಟ್ರಿಗೆ ಇನ್ನು ತಡೆಯಲಾಗಲಿಲ್ಲ. ಶಾಂತಿಗ್ರಾಮದಲ್ಲಿ ಬಸ್ಸು ನಿಂತಾಗ ಹೇಳಿಯೇಬಿಟ್ಟರು.

"ಸ್ನೇಹ, ಅದು ಕೆಟ್ಟಿರ್ಲಿಲ್ಲ ಕಣೆ. ಒಂದು ನಿಮಿಷಕ್ಕೆ ಆರ್ಲಿ ಅಂತ ನಾನೇ ಮಾಡಿಟ್ಟಿದ್ದೆ. ನಿಮ್ಮಪ್ಪನ್ನ ಪದೇ ಪದೇ ಎಬ್ಬಿಸಿ ಕಳಿಸಿದ್ದು ನಾನು. ತೆಗೆಯಕ್ಕೆ ಹೋದೆ, ಬರ್ಲಿಲ್ಲ."

ಅವಳು ಕಿಟಕಿಯಿಂದ ತಿರುಗಿ ಅವರನ್ನು ನೋಡಿದಳು. ಗಂಟಿನ ಅಂಚಿನಲ್ಲಿದ್ದ ಅವರ ಕೈಯ ಮೇಲೆ ತನ್ನ ಕೈಯಿಟ್ಟಳು.

"ಓಗ್ಲಿ ಬಿಡಿ," ಎಂದಳು. "ಅಷ್ಟು ಒತ್ತಿ ಇಡೀಬ್ಯಾಡಿ. ಗಾಜು ಹುಷಾರು."

ಹಾಸನದಲ್ಲಿ ಇಳಿದು ಆಟೋ ಹಿಡಿದರು. ದಾರಿ ಹೇಳಿದ್ದು ಸ್ನೇಹಲತಾ. ಗಂಟಿನ ಮರೆಯಲ್ಲಿ ಮೇಷ್ಟ್ರಿಗೆ ಮುಂದಿನದು ಏನೂ ಕಾಣುತ್ತಿರಲಿಲ್ಲ. ಆಟೋ ನಿಂತು, ಅವರು ಹುಷಾರಾಗಿ ಇಳಿದು ತಲೆಯೆತ್ತಿದಾಗ ಎದುರಿಗಿದ್ದದ್ದು ರಿಪೇರಿ ಅಂಗಡಿಯಲ್ಲ. ಗೌರೀಶಂಕರರ ಮನೆ. ಗೇಟಿನಲ್ಲಿ ಗೌರೀಶಂಕರರೇ ನಿಂತಿದ್ದರು. ಮೇಷ್ಟ್ರಿಗೆ ಓಡಿಹೋಗೋಣ ಅನ್ನಿಸಿತು. ಆದರೆ ತಬ್ಬಿ ಹಿಡಿದ ಮಾನಿಟರಿನೊಂದಿಗೆ ಓಡಲು ಬರುವುದಿಲ್ಲ.

ಒಳಗೆ ಕರೆದು ಕೂರಿಸಿದರು. ಇದನ್ನು ಅಂಗಡಿಗೆ ಕೊಟ್ಟು ಬರುತ್ತೇನೆ ಎಂದು ಮೇಷ್ಟ್ರು ತೊದಲುತ್ತಿರುವಾಗಲೇ ಅನಸೂಯಮ್ಮ ಬಂದು ಅವರ ತೊಡೆಯ ಮೇಲೇ ಹುರಿ ಬಿಚ್ಚಿ ಸೀರೆ ಸರಿಸಿದರು.

ಗಾಜಿನ ಹಿಂದಿನಿಂದ ನಂಜಪ್ಪನವರು ನೋಡುತ್ತಿದ್ದರು. ಪೂರ್ತಿ ಮುಖ, ಹೆಗಲ ಮೇಲೆ ಟವೆಲ್ಲು, ಎಡಗೆನ್ನೆಯಲ್ಲಿ ಮಚ್ಚೆ, ನಗುವಿಗೆ ಮುಂಚೆಯೇ ಸಣ್ಣದಾದ ಒಂದು ಕಣ್ಣು. ಸುತ್ತ ತೇಗದ ಕಟ್ಟು.

ಮಾವನವರು ಬದುಕಿದ್ದಾಗ ಮೇಷ್ಟ್ರು ಅವರೆದುರು ಕುರ್ಚಿಯಲ್ಲಿ ಕೂತವರಲ್ಲ. ಆ ಮನುಷ್ಯನನ್ನೇ ಚನ್ನರಾಯಪಟ್ಟಣದಿಂದ ಹಾಸನದವರೆಗೆ ತೊಡೆಯ ಮೇಲೆ ಕೂರಿಸಿಕೊಂಡು, ಹಂಪು ಹಂಪಿಗೂ ಎತ್ತಾಡಿಸಿ, ಸವರಿ ಸಮಾಧಾನ ಮಾಡಿಕೊಂಡು ಬಂದಿದ್ದರು. ಇದು ಹೊಳೆದಾಗ ಅವರು ಎದ್ದು ನಿಲ್ಲಲು ಹೊರಟರು. ಮಾವನವರು ತೊಡೆಯ ಮೇಲಿದ್ದುದರಿಂದ ಅದೂ ಆಗಲಿಲ್ಲ.

ಅನಸೂಯಮ್ಮ ಗಾಜಿನ ಮೇಲೆ ಬೆರಳಿಟ್ಟು ಆ ಮಚ್ಚೆಯನ್ನು ಮುಟ್ಟಿದರು. ಆಮೇಲೆ ಮೇಷ್ಟ್ರ ಕಡೆಗೆ ನೋಡಿ, "ನಮ್ಮಪ್ಪನ್ನ ನೀವೇ ಎತ್ಕೊಂಡ್ ಬಂದ್ರಾ ಮೇಷ್ಟ್ರೇ," ಎಂದರು.

ಮಾನಿಟರು ಎಲ್ಲಿ ಎಂದು ಮೇಷ್ಟ್ರು ಹೆಂಡತಿಯನ್ನು ಮೆಲ್ಲಗೆ ಕೇಳಿದರು. ಇರುವಲ್ಲೇ ಇದೆ, ಅದಕ್ಕೇನಾಗಿದೆ ಎಂದಳು ಅವಳು. ತಾನು ಯಾವತ್ತೂ ಇದನ್ನು ಮಾನಿಟರು ಅಂದಿರಲಿಲ್ಲವಲ್ಲ. ಮಾವಿನಕಾಯಿ ಗಾತ್ರದ ಬಾಣ ನೋಡಿದಾಗಲೇ ಯಾರೋ ಒಳಗೆ ಕೈಯಾಡಿಸಿದ್ದಾರೆ ಎಂದು ಗೊತ್ತಾಯಿತು, ಈ ಮನೆಯಲ್ಲಿ ಒಂದು ನಿಮಿಷ ಉಳಿಸುವವರು ಇನ್ಯಾರು? ಹುಡುಕಿ ಸರಿಮಾಡಿಕೊಂಡು, ಅಪ್ಪನನ್ನು ಮುಗಿಸಿ, ಕಟ್ಟು ಹಾಕಿಸಿ, ಇವರಾಗಿ ಯಾವಾಗ ಬಾಯಿ ಬಿಡುತ್ತಾರೋ ನೋಡೋಣ ಎಂದು ಕಾದಿದ್ದಳಂತೆ. ಬಸ್ಸಿನಲ್ಲಿ ಸೆರಗು ಒತ್ತಿಕೊಂಡಿದ್ದು ನಗು ತಡೆಯಲಾರದೆ. ಕೇಳಿ ಎಲ್ಲರೂ ನಕ್ಕರು. ಮೇಷ್ಟ್ರು ಕೊಂಚ ತಡವಾಗಿ ನಕ್ಕರು.

ಊಟಕ್ಕೆ ಮುಂಚೆ ಕೈಕಾಲು ತೊಳೆಯಲು ಅವರು ಬಚ್ಚಲಮನೆಯ ಕಡೆ ಹೊರಟಾಗ ಗೌರೀಶಂಕರ ಹಿಂದೆಯೇ ಬಂದರು.

"ನೀವು ಆರಾಮಾಗಿ ಒಳಗೋಗಿ ಮೇಷ್ಟ್ರೇ," ಎಂದರು. "ಸ್ವಿಚ್ಚಿನ ತಾವ ನಾನ್ ನಿಂತಿರ್ತೀನಿ."

ಹೇಳಿದಂತೆಯೇ ನಿಂತಿದ್ದರು. ಮೇಷ್ಟ್ರು ಹೊರಬಂದಾಗ ಟವೆಲ್ಲು ಕೊಟ್ಟರು. ಅಲ್ಲಿಗೆ ಆ ಜಗಳ ಮುಗಿಯಿತು.

ಸಂಜೆ ವಾಪಸು ಬರುವ ಬಸ್ಸಿನಲ್ಲಿ ಮೇಷ್ಟ್ರ ತೊಡೆ ಖಾಲಿಯಿತ್ತು. ಸ್ನೇಹಲತಾ ಕೈಚೀಲವನ್ನು ಮಡಿಲಲ್ಲಿಟ್ಟು ಅದರ ಮೇಲೆ ತೋಳು ಮಡಚಿಕೊಂಡು ಕೂತಿದ್ದಳು. ಆಕಳಿಸುತ್ತ ಒಂದು ಮಾತು ಹೇಳಿದಳು.

"ಬೆಳಗ್ಗೆ ಹೊರಡೋ ಅರ್ಜೆಂಟಲ್ಲಿ ಕಂಪ್ಯೂಟರ್ ಆರಿಸೋದೇ ಮರ್ತೆ ಕಣ್ರೀ. ಅಪ್ಪನ ಫೋಟೋ ತೆಗೆದಂಗೇ ಐತೆ. ತಾನಾಗಿ ಆರಲ್ಲ ಅದು. ಒಂದು ನಿಮಿಷ ಇದ್ದಿದ್ನ 'ನೆವರ್' ಅಂತ ಮಾಡಿಟ್ಟಿವ್ನಿ."

ಹೇಳಿ ಗಂಡನ ಹೆಗಲಿಗೆ ತಲೆಯಿಟ್ಟವಳು ಹಾಗೇ ನಿದ್ದೆ ಹೋದಳು.

ಮೇಷ್ಟ್ರು ಬೆಚ್ಚಿ ಕೂತರು. ಯಾರೂ ಇಲ್ಲದ ಮನೆಯಲ್ಲಿ, ಮುಚ್ಚಿದ ಕೋಣೆಯಲ್ಲಿ, ಬೆಳಗಿನಿಂದ ಒಂದೇ ಸಮನೆ ಉರಿಯುತ್ತಿರುವ ಮಾನಿಟರು ಕಣ್ಣ ಮುಂದೆ ಬಂತು. ಅದರೊಳಗೆ ನಂಜಪ್ಪನವರು ಯಾರ ಗಡುವೂ ಇಲ್ಲದೆ ನಿರಾಳವಾಗಿ ಕೂತಿದ್ದರು. ಬಸ್ಸಿಗಿಂತ ಮುಂದೆ ಓಡಿಹೋಗಿ ಆರಿಸಿಬಿಡೋಣ ಎಂದು ಮೇಷ್ಟ್ರ ಕಾಲು ತಹತಹಿಸಿತು. ಹೆಗಲು ಮಾತ್ರ ಅಲುಗಲಿಲ್ಲ. ಅಪ್ಪನ ಒಂದು ಕಣ್ಣು ಮುಗಿಸಲು ಇವಳು ಎಷ್ಟು ರಾತ್ರಿ ಎಚ್ಚರವಿದ್ದಳೋ, ಅವಳ ರೆಪ್ಪೆಯ ಕೆಳಗೆ ಕಪ್ಪು ಕಟ್ಟಿತ್ತು. ತಾವು ಅದನ್ನು ಇಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟರು. ಸುಮ್ಮನೆ ನೋಡುತ್ತ ಕೂತರು.

ಚನ್ನರಾಯಪಟ್ಟಣ ಬಂತು. ಬಸ್ಸು ನಿಂತಿತು. ಜನ ಇಳಿದರು, ಜನ ಹತ್ತಿದರು. ಮೇಷ್ಟ್ರು ಏಳಲಿಲ್ಲ. ಬಸ್ಸು ಮತ್ತೆ ಹೊರಟಿತು.

ಕಂಡಕ್ಟರು ಹತ್ತಿರ ಬಂದು, ಅವರ ಟಿಕೆಟ್ಟು ಅಲ್ಲಿಗೇ ಮುಗಿಯಿತು ಎಂದು ನೆನಪಿಸಿದ.

"ಹಿರೀಸಾವೆಗೆ ಎರಡು ಕೊಡಿ," ಎಂದರು ಮೇಷ್ಟ್ರು, ಪಿಸುಮಾತಿನಲ್ಲಿ.

"ಅಮ್ಮಾರಿಗೆ ಫ್ರೀ ಅಲ್ವಾ ಸಾ. ಆಧಾರ್ ಕಾರ್ಡ್ ತೋರ್ಸುದ್ರೆ ಆಯ್ತು."

ಆಧಾರ್ ಕಾರ್ಡು ಕೈಚೀಲದಲ್ಲಿತ್ತು. ಕೈಚೀಲ ಅವಳ ತೋಳಿನಡಿ ಇತ್ತು. ಮೇಷ್ಟ್ರು ತೋಳನ್ನು ನೋಡಿದರು, ಮುಚ್ಚಿದ ಕಣ್ಣನ್ನು ನೋಡಿದರು. ಆಮೇಲೆ ಅವಳು ಒರಗಿರದ ಕಡೆಯ ಕೈಯನ್ನು ಮೆಲ್ಲಗೆ ಜೇಬಿಗೆ ಹಾಕಿದರು.

"ಎಬ್ಬಿಸೋದು ಬ್ಯಾಡ," ಎಂದರು. "ದುಡ್ಡಿನ ಟಿಕೆಟ್ಟೇ ಕೊಡಿ."