ಪ್ರಿಯದರ್ಶಿನಿ ರಾಡು ಆರಿಸಿದ್ದು

ಕಾಂತು ಹೊಳೆಗೆ ಬೀಳುತ್ತಾನೆ ಎಂಬುದರಲ್ಲಿ ಪ್ರಿಯದರ್ಶಿನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಯಾವ ದಿನ, ಎಷ್ಟು ಗಂಟೆಗೆ ಎಂಬುದಷ್ಟೇ ತಿಳಿಯಬೇಕಾಗಿತ್ತು.

ಸಿಂದಗಿಯ ಅವರ ಮನೆಯಿಂದ ಭೀಮಾ ಹೊಳೆ ಒಂದು ತಾಸಿನ ದಾರಿ. ಏಳು ವರ್ಷದ ಕಾಂತು ಅದನ್ನು ನೋಡಿದ್ದೇ ಎರಡು ಸಲ, ಅದೂ ಬಸ್ಸಿನ ಕಿಟಕಿಯಿಂದ (ಆಗಲೂ ಅವಳು ಅವನ ಅಂಗಿಯ ಹಿಂಬದಿಯನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದಳು). ಆದರೆ ಚಿಂತೆಗೆ ಕಿಲೋಮೀಟರಿನ ಹಂಗೆಲ್ಲಿ? ಅವಳು ಒಗ್ಗರಣೆ ಹಾಕುವಾಗ ಕಾಂತು ಹೊಳೆಗೆ ಬೀಳುತ್ತಿದ್ದ. ಹಾಲು ಕಾಯಿಸುವಾಗ ಬೀಳುತ್ತಿದ್ದ. ಅರಿವೆ ಒಗೆಯುವಾಗಂತೂ, ನೀರು ಕಣ್ಣೆದುರಿಗೇ ಇರುವುದರಿಂದ, ಎರಡೆರಡು ಸಲ ಬೀಳುತ್ತಿದ್ದ.

ಈ ಚಿಂತೆಯ ಬೀಜ ಬಿತ್ತಿದವನು ಅವಳ ಗಂಡ ದುಂಡೇಶ. ಕಾಲೇಜಿನಲ್ಲಿ ಇತಿಹಾಸ ಕಲಿಸುವ ಮನುಷ್ಯ. ಆದರೆ ಸಂಕ್ರಾಂತಿಯಿಂದೀಚೆಗೆ ಅವನ ಮನಸ್ಸು ಆದಿಲಶಾಹಿಯನ್ನು ಬಿಟ್ಟು ಅಮೆರಿಕದ ಒಂದು ಕೆರೆಯಲ್ಲಿ ನೆಲೆಸಿತ್ತು. ಮೊಬೈಲಿನಲ್ಲಿ ಟೊಪ್ಪಿಗೆ ಹಾಕಿದ ದಪ್ಪ ಮನುಷ್ಯನೊಬ್ಬ ದೋಣಿಯಲ್ಲಿ ನಿಂತು ಗಾಳ ಬೀಸುತ್ತಿದ್ದ, ಬಾಸ್ ಎಂಬ ಮೀನನ್ನು ಹಿಡಿಯುತ್ತಿದ್ದ, ಅದಕ್ಕೊಂದು ಮುತ್ತು ಕೊಟ್ಟು ಮತ್ತೆ ನೀರಿಗೆ ಬಿಡುತ್ತಿದ್ದ.

"ಬಿಡಾಕಿದ್ರ ಹಿಡಿಯೂದ್ಯಾಕ್ರಿ?" ಎಂದಳು ಪ್ರಿಯದರ್ಶಿನಿ.

"ಅದಕ್ಕ ಸ್ಪೋರ್ಟ್ ಅಂತಾರ. ನಿನಗ ತಿಳಿಯಂಗಿಲ್ಲ."

"ಮೀನಿಗಿ ಮುತ್ತು ಕೊಡೂದು ಸ್ಪೋರ್ಟಾ? ಆ ಮನಷ್ಯಾಗ ಮನ್ಯಾಗ ಹೆಂಡ್ತಿ ಇಲ್ಲೇನು? ಹೋಗ್ಲಿ, ಆ ಮೀನ ನಮ್ಮ ಹೊಳ್ಯಾಗ ಎಲ್ಲೈತಿ?"

"ಬಾಸ್ ಇಲ್ಲ, ಮರಲ ಐತಲ್ಲ! ಅದೂ ಹಿಂಗಽ ಬಾಯಿ ತಕ್ಕೊಂಡ ಬರ್ತದ. ಬಾಸಿನ ರಾಡು, ಬಾಸಿನ ರೀಲು ಇದ್ರ ಮರಲ ತಪ್ಪಿಸ್ಕೊಳ್ಳಂಗಽ ಇಲ್ಲ. ಕಾಂತೂ, ಈ ಸೂಟ್ಯಾಗ ಹೊಳಿಗಿ ಹೋಗೂಣೇನೋ?"

ಕಾಂತು ಮಂಚದ ಮೇಲೆ ಮೂರು ಸಲ ಹಾರಿದ. (ಮಂಚದಿಂದ ಬೀಳುವ ಚಿಂತೆ ಬೇರೆಯೇ ಇತ್ತು. ಅದನ್ನು ಇಲ್ಲಿ ಹೇಳಹೋಗುವುದಿಲ್ಲ.)

ಪ್ರಿಯದರ್ಶಿನಿ 'ಬ್ಯಾಡ' ಎನ್ನಲು ಬಾಯಿ ತೆರೆದಳು. ಹುಬ್ಬಳ್ಳಿಯಲ್ಲಿ ಓದಿದ ಅವಳು ಬಕೆಟ್ಟಿಗಿಂತ ಆಳವಾದ ನೀರಿಗೆ ಎಂದೂ ಕೈಹಾಕಿದವಳಲ್ಲ. ಆದರೆ ಹಿಂದಿನ ವಾರವಷ್ಟೇ ಸೈಕಲ್ಲಿಗೆ ಬ್ಯಾಡ ಎಂದಿದ್ದಳು, ಹಲ್ಲು ಮುರಿಯುತ್ತದೆಂದು. ಗಾಳಿಪಟಕ್ಕೆ ಬ್ಯಾಡ ಎಂದಿದ್ದಳು, ಕರೆಂಟಿನ ತಂತಿಯಿದೆಯೆಂದು. ಬಾರಿಹಣ್ಣಿಗೂ ಬ್ಯಾಡ, ಬೀಜ ಗಂಟಲಿಗೆ ಸಿಗುತ್ತದೆಂದು. ಆಗ ಕಾಂತು ಅವಳನ್ನೇ ನೋಡಿ, "ಮಮ್ಮಿ, ನಿನಗ ಹೂಂ ಅನ್ನಾಕ ಬರಂಗಿಲ್ಲೇನು?" ಎಂದು ಕೇಳಿದ್ದ. ಸಿಟ್ಟಿನಿಂದಲ್ಲ, ಪಾಪ, ತಿಳಿದುಕೊಳ್ಳಲೆಂದು ಕೇಳಿದ್ದ. ಅದು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

ಆದ್ದರಿಂದ ಅವಳು ಬಾಯಿ ಮುಚ್ಚಿದಳು. ಮತ್ತೆ ತೆರೆಯುವಷ್ಟರಲ್ಲಿ ಒಂದು ಮಹಾಯೋಜನೆ ಸಿದ್ಧವಾಗಿತ್ತು.

"ಹೂಂ, ಹೋಗೂಣು," ಎಂದಳು. ತಂದೆ ಮಗ ಇಬ್ಬರೂ ಬೆಚ್ಚಿಬಿದ್ದರು. "ಆದ್ರ ಸಾಮಾನ ಛಲೋ ನೋಡಿ ತಗೋಬೇಕು. ರಾಡು, ರೀಲು ಎಲ್ಲಾ ನಾನಽ ಆರಸ್ತೇನಿ. ಆರಿಸೂತನಕ ಹೊಳಿ ಸುದ್ದಿ ಎತ್ತಬಾರದು."

ಸೀರೆ ಆರಿಸಲು ಎರಡು ಬೇಸಿಗೆ ತೆಗೆದುಕೊಂಡ ಹೆಂಗಸು ಆಕೆ. ರಾಡು ಆರಿಸುವಷ್ಟರಲ್ಲಿ ಮಗನ ಮದುವೆಯಾದರೂ ಆದೀತು, ಸೊಸೆ ನೋಡಿಕೊಳ್ಳಲಿ ಎಂದು ಅವಳ ಲೆಕ್ಕ.

ಈ ಯೋಜನೆಗೆ ಅಡ್ಡ ಬಂದವಳು ಅತ್ತೆ ರೇವವ್ವ ಒಬ್ಬಳೇ. ಮೋರಟಗಿಯಲ್ಲಿ ಹೊಲ, ಕುರಿ ನೋಡಿಕೊಂಡಿದ್ದ ರೇವವ್ವ ಸುದ್ದಿ ಕೇಳಿದ್ದೇ ಫೋನಿನಲ್ಲಿ ಅಂದಳು: "ಪ್ರಿಯವ್ವಾ, ಗಾಳ ಆಮ್ಯಾಲ. ಮೊದ್ಲ ಹುಡುಗಗ ಈಜ ಕಲಿಸು. ಒಂದು ಫೋನ್ ಮಾಡು ಸಾಕು, ಎಣ್ಣಿ ಡಬ್ಬಿ ತಯಾರು ಇಡ್ತೇನಿ."

ಖಾಲಿ ಎಣ್ಣೆ ಡಬ್ಬಿಯ ಬಾಯಿ ಬಿಗಿದು, ಬೆನ್ನಿಗೆ ಕಟ್ಟಿ, ಮಕ್ಕಳನ್ನು ಬಾವಿಗೆ ಇಳಿಸುವುದು ಆ ಕಡೆಯ ಈಜುಶಾಲೆ.

"ಬಾವಿಗೇನ್ರಿ ಅತ್ತಿ! ಕಿವ್ಯಾಗ ನೀರು ಹೋದ್ರ?"

"ಹೋದ ನೀರು ಹೊರಗ ಬರ್ತದವಾ. ಅದೇನು ಒಳಗ ಸಂಸಾರ ಮಾಡ್ತದೇನು?"

"ಆಮ್ಯಾಲ ಫೋನ್ ಮಾಡ್ತೇನ್ರಿ," ಎಂದು ಪ್ರಿಯದರ್ಶಿನಿ ಫೋನು ಕೆಳಗಿಟ್ಟಳು. ಆ ಫೋನನ್ನು ಅವಳು ಮಾಡಲಿಲ್ಲ.

ಬದಲಿಗೆ ಬಸ್ ಸ್ಟ್ಯಾಂಡಿನ ಹಿಂದಿನ ಸೊಹೇಲನ ಅಂಗಡಿಗೆ ಹೋದಳು. ಹಗ್ಗ, ತಾಡಪತ್ರಿ, ಎತ್ತಿನ ಗೆಜ್ಜೆ, ಮೀನಿನ ಬಲೆ ಎಲ್ಲ ಅಲ್ಲಿ. ಮೂಲೆಯಲ್ಲಿ ನಾಲ್ಕು ಗಾಳದ ರಾಡುಗಳು ಧೂಳು ತಿನ್ನುತ್ತಾ ನಿಂತಿದ್ದವು.

"ಇದು ಮೀಡಿಯಮ್ಮೋ, ಮೀಡಿಯಂ ಹೆವೀನೋ?" ಎಂದು ಕೇಳಿದಳು.

"ಇದು ಹಸರ ಬಣ್ಣದ್ರಿ ಅಕ್ಕಾ," ಎಂದ ಸೊಹೇಲ.

ಆಗ ಪ್ರಿಯದರ್ಶಿನಿ ಅವನಿಗೆ ಪಾಠ ಶುರು ಮಾಡಿದಳು. ರಾಡಿನ ಬಲ ಬೇರೆ, ಬಾಗು ಬೇರೆ. ತುದಿಯಷ್ಟೇ ಬಾಗುವುದೊಂದು ಜಾತಿ, ನಡುವಿನಿಂದ ಬಾಗುವುದು ಇನ್ನೊಂದು. ರೀಲಿನಲ್ಲೂ ಎರಡು: ರಾಡಿನ ಮೇಲೆ ಕೂರುವುದು, ಕೆಳಗೆ ನೇತಾಡುವುದು. ಮೇಲೆ ಕೂರುವುದು ಗುರಿಗೆ ಛಲೋ, ಆದರೆ ಹೆಬ್ಬೆರಳು ತಪ್ಪಿತೋ ದಾರವೆಲ್ಲ ಗುಬ್ಬಿಯ ಗೂಡು. ಇದೆಲ್ಲ ಅವಳಿಗೆ ಕುಕ್ಕರಿನ ಮೂರು ಸೀಟಿಗಳ ನಡುವೆ ವಿಡಿಯೋ ನೋಡಿ ನೋಡಿ ಬಾಯಿಪಾಠವಾಗಿತ್ತು.

"ಅಕ್ಕಾ, ನಾ ಹಗ್ಗ ಮಾರಾಂವ್ರಿ," ಎಂದು ಸೊಹೇಲ ಕೈಮುಗಿದ. ಆದರೆ ಮೂರನೆಯ ವಾರಕ್ಕೆ ಅವನೂ ಕಲಿತ. ಐದನೆಯ ವಾರಕ್ಕೆ ಬೇರೆ ಗಿರಾಕಿಗಳಿಗೆ, "ಮಂಗಳವಾರ ಬರ್ರಿ, ನಮ್ಮ ಅಕ್ಕಾರು ಇರ್ತಾರ, ಅವರ್ನಽ ಕೇಳ್ರಿ," ಎನ್ನತೊಡಗಿದ.

ಮನೆಯ ಮಾಳಿಗೆಯ ಮೇಲೆ ಪರೀಕ್ಷೆಗಳು ನಡೆದವು. ಸೊಹೇಲನಿಂದ ನೋಡಲು ತಂದ ಒಂದೊಂದು ರಾಡಿನ ತುದಿಗೂ ಎರಡು ಕಿಲೋ ಜೋಳದ ಹಿಟ್ಟಿನ ಚೀಲ ಕಟ್ಟಿ, ದುಂಡೇಶನ ಕೈಗೆ ಕೊಟ್ಟು, ಎಲ್ಲಿ ಬಾಗುತ್ತದೆಂದು ಬರೆದುಕೊಂಡಳು. ಮೂರನೆಯ ರಾಡಿಗೆ ಚೀಲ ಒಡೆಯಿತು. ಇತಿಹಾಸದ ಅಧ್ಯಾಪಕರು ಹೊಸದಾಗಿ ಸುಣ್ಣ ಬಳಿದ ಸ್ಮಾರಕದಂತೆ ನಿಂತರು.

"ಅಲ್ಲಾಡಬ್ಯಾಡ್ರಿ, ಇನ್ನೊಂದು ಉಳದೈತಿ," ಎಂದಳು.

"ಎಲೀ, ಮೀನ ಹುಟ್ಟಿ, ಬೆಳದು, ಮುದಕ ಆಗಿ ಸಾಯ್ತಾವ. ನೀ ಇನ್ನೂ ಆರಿಸಾಕತ್ತಿ!"

"ಮಗನ ಜೀವದ ಪ್ರಶ್ನೆ ಐತ್ರಿ!"

ಏಪ್ರಿಲಿನಲ್ಲಿ ಸೂಟಿ ಬಿಟ್ಟಾಗ, ವರ್ಷದ ರೂಢಿ ತಪ್ಪಿಸಲಾಗದೆ, ಕಾಂತುವನ್ನು ಇಪ್ಪತ್ತು ದಿನ ಮೋರಟಗಿಗೆ ಕಳಿಸಿದಳು. ಜೊತೆಗೆ ಎರಡು ಪುಟದ ಸೂಚನಾಪತ್ರ: ಬಿಸಿಲಿಗೆ ಬಿಡಬಾರದು, ಟಗರಿನ ಹತ್ತಿರ ಬಿಡಬಾರದು, ಬಾವಿಯ ಕಡೆಗಂತೂ ಮುಖ ಸಹ ಹಾಕಿ ಮಲಗಿಸಬಾರದು. ಓದು ಬಾರದ ರೇವವ್ವ ಅದನ್ನು ಭಕ್ತಿಯಿಂದ ಗೂಟಕ್ಕೆ ಸಿಗಿಸಿದಳು. ದಿನಾ ಫೋನಿನಲ್ಲಿ, "ಬಾವಿ ಕಡೆ ಬಿಟ್ಟಿಲ್ಲಲ್ರಿ?" ಎಂದರೆ, "ನನ್ನ ಕಣ್ಣ ಮುಂದಽ ಅದಾನವಾ," ಎನ್ನುತ್ತಿದ್ದಳು.

ಇಷ್ಟರಲ್ಲಿ ಪ್ರಿಯದರ್ಶಿನಿಗೆ ಆಗಬಾರದ್ದೊಂದು ಆಯಿತು. ಕಾಲ ತಳ್ಳಲೆಂದು ಹಿಡಿದ ಕೆಲಸದಲ್ಲಿ ಅವಳಿಗೇ ರುಚಿ ಹತ್ತಿತು. ಆರೂವರೆ ಅಡಿಯ, ತುದಿಯಲ್ಲಷ್ಟೇ ಬಾಗುವ, ಹಿಡಿಗೆ ಬೆಂಡು ಸುತ್ತಿದ ಒಂದು ರಾಡನ್ನು ಸೊಹೇಲ ತರಿಸಿಕೊಟ್ಟ ದಿನ, ಅವಳು ಅದನ್ನು ಕೈಯಲ್ಲಿ ತೂಗಿ ನೋಡಿದಳು. ಕೆಳಗೆ ನೇತಾಡುವ ರೀಲು ಕೂಡಿಸಿ ಹಿಡಿಕೆ ತಿರುಗಿಸಿದಳು. ಕಿರ್ ಎಂಬ ಸಣ್ಣ ಸದ್ದು. ಇದರಲ್ಲಿ ಯಾವ ಐಬೂ ಹುಡುಕಲು ಅವಳಿಂದ ಆಗಲಿಲ್ಲ. ಇನ್ನು ಆರಿಸುವುದೇನೂ ಉಳಿದಿರಲಿಲ್ಲ.

ಮೇ ತಿಂಗಳ ಕೊನೆಯ ಐತವಾರ ಎಲ್ಲರೂ ದೇವಣಗಾಂವಕ್ಕೆ ಹೊರಟರು. ರೇವವ್ವನ ತವರು ಅದು, ಹೊಳೆದಂಡೆಯ ಊರು. ರೇವವ್ವ ಮೊದಲೇ ಬಂದು ಕಾಯುತ್ತಿದ್ದಳು. ಪ್ರಿಯದರ್ಶಿನಿಯ ಸಾಮಾನು ನೋಡಿ ದಂಡೆಯ ಮೇಲೆ ಅರಿವೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು: ಕಾಂತುವಿಗೆ ತೇಲುವ ಕಿತ್ತಳೆ ಜಾಕೀಟು, ಅವಳ ಕೊರಳಲ್ಲಿ ಪೀಪಿ, ಕೈಯಲ್ಲಿ ಔಷಧದ ಪೆಟ್ಟಿಗೆ, ಹೆಗಲಿಗೆ ಹಗ್ಗದ ಸುರುಳಿ.

"ರೇವಕ್ಕಾ, ನಿನ್ನ ಸೊಸಿ ಹೊಳಿ ದಾಟಿ ಅಫಜಲಪುರ ಗೆಲ್ಲಾಕ ಹೊಂಟಾಳೇನು?"

ಬೇಸಿಗೆಯ ಹೊಳೆ ಅಲ್ಲಲ್ಲಿ ಮಡುವಾಗಿ ನಿಂತಿತ್ತು. ಪ್ರಿಯದರ್ಶಿನಿ ಹಗ್ಗದ ಒಂದು ತುದಿಯನ್ನು ಕಾಂತುವಿನ ಸೊಂಟಕ್ಕೆ, ಇನ್ನೊಂದನ್ನು ಜಾಲಿ ಗಿಡಕ್ಕೆ ಬಿಗಿದಳು. ಗಂಟೂ ವಿಡಿಯೋ ನೋಡಿ ಕಲಿತದ್ದೇ.

ಮೊದಲು ದುಂಡೇಶ ಅಮೆರಿಕದವನ ಹಾಗೆಯೇ ನಿಂತು ಗಾಳ ಬೀಸಿದ. ಮೀನಿಗೆ ಆಸೆ ತೋರಿಸಲು ದಾರದ ತುದಿಗೆ ಕಟ್ಟಿದ್ದ ರಬ್ಬರಿನ ಕಪ್ಪೆ ಹೋಗಿ ಜಾಲಿ ಗಿಡದಲ್ಲಿ ಕೂತಿತು.

"ಕೊಡಿಲ್ಲೆ," ಎಂದು ರೇವವ್ವ ಸೆರಗು ಸಿಕ್ಕಿಸಿದಳು. ಕಪ್ಪೆಯನ್ನು ಬಿಡಿಸಿ, ಎಲ್ಲಿ ಬೆರಳಿಡಬೇಕೆಂದು ಸೊಸೆಯನ್ನು ಕೇಳಿ, ರಾಡನ್ನು ಒಂದೇ ಸಲ ತಲೆಯ ಮೇಲಿಂದ ಬೀಸಿದಳು. ಕಪ್ಪೆ ನೆಟ್ಟಗೆ ಆಚೆಯ ಹುಲ್ಲಿನ ಬುಡಕ್ಕೆ ಹೋಗಿ ಪುಳಕ್ ಎಂದಿತು.

"ಆಯಿ! ಹೆಂಗ ಬಂತ ನಿನಗ?" ಎಂದು ಕಾಂತು ಕುಣಿದ.

"ಸಣ್ಣಾಕಿದ್ದಾಗ ಜ್ವಾಳದ ಹೊಲದಾಗ ಕವಣಿ ಬೀಸಿ ಹಕ್ಕಿ ಹಾರಿಸೇನಪಾ. ಇದೂ ಹಂಗಽ ಐತಿ. ಕಲ್ಲಿಗಿ ದಾರ ಕಟ್ಟ್ಯಾರ, ಅಷ್ಟ."

ನಾಲ್ಕು ತಿಂಗಳ ವಿದ್ವತ್ತಿಗೆ ಇದು ಸಹಿಸುವ ಮಾತಲ್ಲ. ಪ್ರಿಯದರ್ಶಿನಿ ರಾಡು ಇಸಿದುಕೊಂಡು ನೀರಿನಂಚಿಗೆ ನಿಂತಳು. ಆಗಲೇ ರೀಲಿನ ಮೂತಿಯ ತಿರುಪು ಸಡಿಲವಿರುವುದು ಕಣ್ಣಿಗೆ ಬಿತ್ತು. ದೊಡ್ಡ ಮೀನು ಎಳೆದಾಗ ದಾರ ತಾನಾಗಿ ಬಿಟ್ಟುಕೊಳ್ಳಲಿ ಎಂದು ಅದು ಸಡಿಲವೇ ಇರಬೇಕು. ಇದನ್ನು ಸೊಹೇಲನಿಗೆ ಮೂರು ಸಲ ಪಾಠ ಮಾಡಿದವಳು ಅವಳೇ. ಆದರೆ ಗ್ಯಾಸಿನ ತಿರುಪನ್ನು ದಿನಾ ಮೂರು ಮೂರು ಸಲ ಬಿಗಿ ಮಾಡುವ ಕೈ ಅದು, ಸಡಿಲವಾದದ್ದನ್ನು ಕಂಡರೆ ತಡೆಯಬಲ್ಲುದೆ? ಕಿರಕಿರನೆ ಕೊನೆಯ ತನಕ ಬಿಗಿದುಬಿಟ್ಟಳು.

ನಾಲ್ಕನೆಯ ಎಸೆತಕ್ಕೆ ನೀರು ಸಿಡಿಯಿತು. ರಾಡು ಬಿಲ್ಲಾಯಿತು. ದಾರ ಒಂದು ನೂಲಿನಷ್ಟೂ ಬಿಡಲಿಲ್ಲ, ಕೆಸರಿನಲ್ಲಿ ಅವಳ ಕಾಲುಗಳು ಮಾತ್ರ ಹಿಡಿತ ಬಿಟ್ಟವು.

"ಮೊಸಳಿ! ಮೊಸಳೀ ರೀ!"

"ಮರಲ ಐತಿ! ರಾಡ್ ಬಿಡು!" ಎಂದು ದುಂಡೇಶ ಕೂಗಿದ.

"ಬಿಡಂಗಿಲ್ಲಾ! ನಾಲ್ಕು ತಿಂಗಳ ಆರಿಸೇನೀ!"

ಹೀಗೆ ಕೂಗುತ್ತಲೇ ಪ್ರಿಯದರ್ಶಿನಿ ರಾಡಿನ ಸಮೇತ ಮಡುವಿಗೆ ದಯಮಾಡಿಸಿದಳು. ಮುಳುಗಿದಳು, ಎದ್ದಳು, ಯಾವುದೋ ದೇವರನ್ನು ಅರ್ಧ ಕರೆದು ಮತ್ತೆ ಮುಳುಗಿದಳು. ಎರಡನೆಯ ಸಲ ಮೇಲೆ ಬಂದಾಗ ದಂಡೆಯ ಕಡೆ ಕಣ್ಣು ಹೋಯಿತು. ಕಾಂತು ಹಗ್ಗದ ಗಂಟನ್ನು ಒಂದೇ ಜಗ್ಗಿಗೆ ಬಿಚ್ಚಿದ, ಜಾಕೀಟು ಕಳೆದು ಎಸೆದ, ದಂಡೆಯಿಂದ ಹಾರಿದ.

ನಾಲ್ಕು ತಿಂಗಳಿಂದ ದಿನಾ ಕಂಡ ದೃಶ್ಯ. ಕಾಂತು ಹೊಳೆಗೆ ಬಿದ್ದ.

ಬಿದ್ದವನು ಮುಳುಗಲಿಲ್ಲ. ಕಪ್ಪೆಯ ಮರಿಯಂತೆ ಕಾಲು ಬಡಿಯುತ್ತಾ, ಬಾಯಿಂದ ನೀರು ಉಗುಳುತ್ತಾ, ಐದಾರು ಕೈ ಹಾಕಿ ಅವಳ ಹತ್ತಿರ ಬಂದ. ಬಂದು, ಸಾಲಿಯ ಮಾಸ್ತರನ ದನಿಯಲ್ಲಿ ಹೇಳಿದ: "ಮಮ್ಮೀ, ಎದ್ದು ನಿಂದ್ರು. ನಿನಗ ಇಲ್ಲಿ ನೆಲ ಸಿಗ್ತದ. ನನಗಽ ಸಿಗಂಗಿಲ್ಲ."

ಅವಳು ನಿಂತಳು. ನೀರು ಎದೆಯವರೆಗಿತ್ತು.

ಒಗೆಯುವ ಹೆಂಗಸರು ನಗುವುದನ್ನು ಕಂಡರೂ ಅವಳ ಲಕ್ಷ್ಯ ಅತ್ತ ಇರಲಿಲ್ಲ. ಮಗನನ್ನು ಅವುಚಿಕೊಂಡೇ ದಂಡೆಯತ್ತ ತಿರುಗಿದಳು. "ಇವಂಗ ಈಜ ಯಾರು ಕಲಿಸಿದ್ರು?"

ದುಂಡೇಶ ಅಮ್ಮನನ್ನು ನೋಡಿದ. ಕಾಂತು ಆಯಿಯನ್ನು ನೋಡಿದ. ರೇವವ್ವ ಮೋಡವಿಲ್ಲದ ಆಕಾಶದಲ್ಲಿ ಮಳೆಯ ಗುರುತು ಹುಡುಕುತ್ತಿದ್ದಳು.

"ನನ್ನ ಕಣ್ಣ ಮುಂದಽ ಅದಾನ ಅಂದಿದ್ನಲ್ಲವಾ," ಎಂದಳು ಕೊನೆಗೆ. "ಬಾವ್ಯಾಗಿದ್ರೂ ಕಣ್ಣ ಮುಂದಽ ಇದ್ದ."

ಆಮೇಲೆ ನೀರಿಗಿಳಿದು, ಸೊಸೆಯ ಕೈಯಲ್ಲಿ ಇನ್ನೂ ಇದ್ದ ರಾಡಿನ ದಾರ ಹಿಡಿದು ಕೈಯಿಂದಲೇ ಎಳೆದಳು. ಮೊಸಳೆ ಹೊರಗೆ ಬಂತು. ಮೊಣಕೈಯುದ್ದ ಇತ್ತು. ದುಂಡೇಶ ಅದನ್ನು ಮುತ್ತು ಕೊಟ್ಟು ಬಿಡೋಣವೆಂದ. "ಮೊದ್ಲ ಖಾರ ಅರಿಯಾಕ ಹೇಳು," ಎಂದು ರೇವವ್ವ ಚೀಲಕ್ಕೆ ಹಾಕಿದಳು.

ಆ ಸಾರಿನ ರುಚಿ ಪ್ರಿಯದರ್ಶಿನಿಯ ನಾಲಗೆಯಲ್ಲಿ ಉಳಿಯಿತು. ಅದಕ್ಕಿಂತ ಹೆಚ್ಚಾಗಿ, ರಾಡು ಬಿಲ್ಲಾದಾಗಿನ ಆ ಜಗ್ಗು ಮುಂಗೈಯಲ್ಲಿ ಉಳಿಯಿತು. ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಾ, "ಮುಂದಿನ ಐತವಾರನೂ ಹೋಗೂಣೇನ್ರಿ?" ಎಂದು ಕೇಳಿಯೇಬಿಟ್ಟಳು.

ದುಂಡೇಶ ಬಾಯಿ ತೆರೆಯುವ ಮೊದಲೇ ಕಾಂತು ತಟ್ಟೆಯಿಂದ ತಲೆ ಎತ್ತಿದ. ಹುಬ್ಬು ಗಂಟಾಗಿತ್ತು.

"ನಾನೂ ಪಪ್ಪಾನೂ ಹೋಗ್ತೇವಿ. ನೀ ಬ್ಯಾಡ."

"ಯಾಕೋ?"

"ನೀ ಹೊಳಿಗಿ ಬೀಳ್ತಿ. ನನಗ ಅಂಜಿಕಿ ಬರ್ತದ."

ಹಂಚಿನ ಮೇಲಿನ ರೊಟ್ಟಿ ಸೀಯಿತು. ಪ್ರಿಯದರ್ಶಿನಿ ಮಗನ ಮುಖವನ್ನೇ ನೋಡಿದಳು. ಆ ಹುಬ್ಬು, ಆ ಬಿಗಿದ ತುಟಿ ಎಲ್ಲೋ ನೋಡಿದ ಹಾಗಿತ್ತು. ದಿನಾ ಕನ್ನಡಿಯಲ್ಲಿ.

ಕೈಯ ಹಿಟ್ಟು ಕೊಡವಿ ಫೋನು ಎತ್ತಿಕೊಂಡಳು. ಸಂಕ್ರಾಂತಿಯ ನಂತರ ಮಾಡಬೇಕಿದ್ದ ಫೋನು.

"ಅತ್ತಿ, ಎಣ್ಣಿ ಡಬ್ಬಿ ಐತೇನ್ರಿ ಇನ್ನೂ?"

"ಐತಿ. ಕಾಂತೂಗ ಇನ್ನ ಯಾಕ ಡಬ್ಬಿ? ಅವ ಮೀನಾಗ್ಯಾನ."

"ಕಾಂತೂಗ ಅಲ್ರಿ." ದನಿ ಇಳಿಯಿತು. "ನನಗರಿ."

ಕುರಿಗಳ ಸದ್ದಿನ ನಡುವೆ ರೇವವ್ವನ ದನಿ, ನಗು ಹಿಡಿದ ದನಿ: "ಅದು ಸಣ್ಣದಾತವಾ ನಿನಗ. ದೊಡ್ಡದು ನೋಡಬೇಕು."

"ಎಷ್ಟು ಲೀಟರಿಂದ್ರಿ? ತಗಡಿಂದು ಛಲೋನೋ, ಪ್ಲಾಸ್ಟಿಕ್ಕಿಂದು ಛಲೋನೋ? ಸೊಹೇಲನ ಅಂಗಡ್ಯಾಗ ಮೂರ್ನಾಲ್ಕು ನಮೂನಿ ಅದಾವ್ರಿ, ನಾ ಒಂದೀಟು ನೋಡಿ, ಆಮ್ಯಾಲ..."

"ಪ್ರಿಯವ್ವಾ!" ರೇವವ್ವನ ಕೂಗು ಫೋನಿಲ್ಲದೆಯೂ ಸಿಂದಗಿಗೆ ಕೇಳುವಂತಿತ್ತು. "ನೀ ಏನೂ ಆರಿಸಬ್ಯಾಡ! ಸುಮ್ನ ಮೊದಲನೇ ಬಸ್ ಹತ್ತಿ ಬಾ!"