ಚಿಕ್ಕಪ್ಪನ ಹಳೇ ಲೆನ್ಸು, ನನ್ನ ಹೊಸ ಕ್ಯಾಮೆರಾ

ಸಮಾರಂಭಗಳ ಫೋಟೋ ತೆಗೆಯುವವಳ ಬದುಕಿನಲ್ಲಿ ನಗೆಪಾಟಲಾಗದ ತಿಂಗಳು ಇರುವುದಿಲ್ಲ. ಹೊಸ ಕ್ಯಾಮೆರಾ ಕೊಂಡ ಮೇಲೆ ನನಗದು ವಾರಕ್ಕೊಂದರಂತೆ ಬರತೊಡಗಿತು. ಕಾರಣ ಚಿಕ್ಕಪ್ಪ. ಶ್ರೀನಗರದಲ್ಲಿ ಸ್ಟುಡಿಯೋ ಇಟ್ಟಿದ್ದವರು, ನನಗೆ ಕ್ಯಾಮೆರಾ ಹಿಡಿಯಲು ಕಲಿಸಿದವರು. ಬಡಾವಣೆಯ ಗಂಡ-ಹೆಂಡಿರನ್ನೆಲ್ಲ ಜೋಡಿಯಾಗಿ ಕೂರಿಸಿ ತೆಗೆದ ಈ ಮನುಷ್ಯ ಚಿಕ್ಕಮ್ಮನ ಪಕ್ಕದಲ್ಲಿ ಮಾತ್ರ ಒಂದು ಫೋಟೋಗೂ ನೆಟ್ಟಗೆ ಕೂತವರಲ್ಲ.

"ಇವರ ಎಪ್ಪತ್ತರ ಶಾಂತಿಗಾದ್ರೂ ಒಂದು ಜೋಡಿ ಫೋಟೋ ಬೇಕು ಕಣೇ" ಎಂದು ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡರು. ಚಿಕ್ಕಪ್ಪ ಒಪ್ಪಿದರು. ಒಂದೇ ಷರತ್ತು: ತಮ್ಮ ಸ್ಟುಡಿಯೋದ ಹಳೇ ಲೆನ್ಸಿನಲ್ಲೇ ತೆಗೀಬೇಕು.

ಮಾತಾಡದ ಲೆನ್ಸು

ಹೊಸ ಕ್ಯಾಮೆರಾ ಮೇಲೆ ಅದು ಕೂರಲೇ ಇಲ್ಲ. ಜಯನಗರದ ಒಂದು ಕ್ಯಾಮೆರಾ ಅಂಗಡಿಗೆ ಒಯ್ದೆ. ಮಾಲೀಕರು ಲೆನ್ಸನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಈಗಿನ ಕ್ಯಾಮೆರಾ ಲೆನ್ಸ್ ಜೊತೆ ಮಾತಾಡತ್ತೆ ಮೇಡಂ. ಎಲ್ಲಿ ಫೋಕಸ್ ಮಾಡ್ಬೇಕು, ಎಷ್ಟು ಬೆಳಕು ಬಿಡ್ಬೇಕು ಅಂತ ಅದು ಹೇಳತ್ತೆ, ಇದು ಕೇಳತ್ತೆ. ನಿಮ್ಮದರಲ್ಲಿ ವೈರೂ ಇಲ್ಲ, ಮೋಟಾರೂ ಇಲ್ಲ."

"ಕಂಪನಿಯವರು ಹಳೇದಕ್ಕೂ ಒಂದಿಷ್ಟು ಅನುಕೂಲ ಮಾಡಿಕೊಡಬಾರದಿತ್ತಾ?"

"ಅದನ್ನೆಲ್ಲ ಒಳಗೆ ತುಂಬಿದ್ರೆ ಕ್ಯಾಮೆರಾ ದಪ್ಪ ಆಗತ್ತೆ. ಒಂದೊಂದು ಹಳೇ ಲೆನ್ಸನ್ನೂ ಕೂರಿಸಿ ಪರೀಕ್ಷೆ ಮಾಡ್ತಾ ಹೋದ್ರೆ ಹೊಸದು ಮಾಡೋದು ಯಾವಾಗ?" ಆಮೇಲೆ ಆಚೀಚೆ ನೋಡಿ ದನಿ ತಗ್ಗಿಸಿದರು. "ಹೊಸ ಲೆನ್ಸೂ ಮಾರಬೇಕಲ್ಲ ಮೇಡಂ."

ಆ ಪ್ರಾಮಾಣಿಕತೆಗೆ ಸೋತು, ಎರಡರ ನಡುವೆ ಹಾಕುವ ಬಳೆಯಂಥ ಅಡಾಪ್ಟರ್ ಕೊಂಡೆ.

"ಕೂರೋದೇನೋ ಕೂರತ್ತೆ. ಮಾತಾಡಲ್ಲ, ನೋಡಿ."

"ಪರವಾಗಿಲ್ಲ ಸಾರ್. ನಮ್ಮನೆಯವರೂ ಮಾತಾಡಲ್ಲ. ಸಂಸಾರ ನಡೀತಾನೇ ಇದೆ."

ಇದ್ದೂ ಇಲ್ಲ

ಶ್ರೀನಗರದ ಮನೆಯಲ್ಲಿ ಚಿಕ್ಕಪ್ಪನ ಎದುರಿಗೇ ಲೆನ್ಸು ಕೂರಿಸಿದೆ. ಪರದೆಯ ಮೇಲೆ ಬರಹ ಮೂಡಿತು: ಲೆನ್ಸ್ ಇಲ್ಲ. ಎಷ್ಟು ಒತ್ತಿದರೂ ಕ್ಲಿಕ್ ಆಗದು.

"ಏನಂತೆ?" ಎಂದರು ಚಿಕ್ಕಪ್ಪ.

"ಲೆನ್ಸೇ ಇಲ್ಲ ಅನ್ನುತ್ತೆ."

"ತೆಂಗಿನಕಾಯಿ ಗಾತ್ರದ ಗಾಜು ಮೂಗಿನ ಮೇಲಿದೆ, ಇಲ್ಲ ಅನ್ನುತ್ತಾ? ಅದಕ್ಕೆ ಮೊದಲು ಕನ್ನಡಕ ಹಾಕ್ಸು!"

ಹುಡುಕಿದಾಗ ಕ್ಯಾಮೆರಾದೊಳಗೆ ಒಂದು ಆಯ್ಕೆ ಸಿಕ್ಕಿತು: ಲೆನ್ಸ್ ಇಲ್ಲದಿದ್ದರೂ ಫೋಟೋ ತೆಗೆಯಲು ಒಪ್ಪಿಗೆ.

"ಅಂದ್ರೆ, ನನ್ನ ಲೆನ್ಸು ಇದ್ದೂ ಇಲ್ಲ ಅಂತ ನಾನು ಒಪ್ಕೋಬೇಕಾ?"

ಅಡುಗೆಮನೆಯಿಂದ ಚಿಕ್ಕಮ್ಮನ ದನಿ ಬಂತು. "ಒಪ್ಕೊಳ್ರೀ. ಮನೆ ಆಲ್ಬಮ್ಮಲ್ಲೆಲ್ಲ ನೀವು ಇದ್ದೂ ಇಲ್ಲ. ನಾನು ಒಪ್ಕೊಂಡಿಲ್ವಾ?"

ಚಿಕ್ಕಪ್ಪ ತಾವೇ ಗುಂಡಿ ಒತ್ತಿ ಒಪ್ಪಿಗೆ ಕೊಟ್ಟರು.

ದೃಷ್ಟಿ

ಇನ್ನು ಫೋಕಸ್ಸನ್ನು ಕೈಯಲ್ಲೇ ತಿರುಗಿಸಬೇಕು. ಅಭ್ಯಾಸ ತಪ್ಪಿತ್ತು. ಶಾಂತಿಗೆ ಮೊದಲು ಕೈ ಪಳಗಲಿ ಎಂದು ಬನಶಂಕರಿಯ ಒಂದು ನಾಮಕರಣಕ್ಕೆ ಅದನ್ನೇ ಒಯ್ದೆ. ಮಗು ಒಂದು ಗಳಿಗೆ ಸುಮ್ಮನಿದ್ದರೆ ಕೇಳಿ! ನಾನು ತಿರುಗಿಸುವಷ್ಟರಲ್ಲಿ ಅದೂ ತಿರುಗುತ್ತಿತ್ತು. ತೊಟ್ಟಿಲಿಗೆ ಕಟ್ಟಿದ ಸೇವಂತಿಗೆಯ ಎಸಳೆಸಳೂ ಸ್ಪಷ್ಟ, ಒಳಗಿನ ಮಗು ಮಾತ್ರ ಕಲಸಿದ ಮೈದಾಹಿಟ್ಟು.

ಬೈಗುಳಕ್ಕೆ ಸಿದ್ಧಳಾಗಿ ಮಗುವಿನ ಅಜ್ಜಿಗೆ ತೋರಿಸಿದೆ. ಅವರು ಕ್ಯಾಮೆರಾವನ್ನೇ ಕಣ್ಣಿಗೊತ್ತಿಕೊಂಡರು.

"ಸದ್ಯ ಕಣಮ್ಮ! ಎಲ್ರಿಗೂ ಇದನ್ನೇ ಕಳ್ಸು. ದೃಷ್ಟಿ ಆಗೋ ಮಾತೇ ಇಲ್ಲ."

ಅವರ ಮಗಳಿಗಾಗಿ ಬೇರೆ ಲೆನ್ಸಿನಲ್ಲಿ ಮತ್ತೆ ತೆಗೆದೆನೆನ್ನಿ. ಆ ಅಜ್ಜಿಗೆ ನಾನು ಇಂದಿಗೂ ಋಣಿ.

ಗಂಟು

ಶಾಂತಿ ನಡೆದದ್ದು ಹೊಸಕೆರೆಹಳ್ಳಿಯ ಒಂದು ಸಣ್ಣ ಛತ್ರದಲ್ಲಿ. ಬೆಳಿಗ್ಗೆ ಹೋಮಕ್ಕೆ ಮೊದಲೇ ಇಬ್ಬರನ್ನೂ ಕುರ್ಚಿಯ ಮೇಲೆ ಕೂರಿಸಿದೆ. ಹಳದಿ ರೇಷ್ಮೆ ಸೀರೆಯಲ್ಲಿ ಚಿಕ್ಕಮ್ಮ ಹೊಸ ಮದುಮಗಳಂತೆ ಬಿಗಿದುಕೊಂಡು ಕೂತರು. ನಾನು ಲೆನ್ಸು ತಿರುಗಿಸಿದ್ದೇ ತಡ, ಚಿಕ್ಕಪ್ಪ ಎದ್ದು ಬಂದರು.

"ತಡಿ, ಫೋಕಸ್ ನೋಡ್ತೀನಿ."

"ನಾನು ನೋಡಿದೀನಿ ಚಿಕ್ಕಪ್ಪ."

"ನೀನು ನೋಡೋ ಚೆಂದಾನ ನಾನೂ ನೋಡಿದೀನಿ, ಬಿಡು."

ನೋಡಿ, ಸರಿಮಾಡಿ, ಹೋಗಿ ಕೂತರು. ಅಷ್ಟರಲ್ಲಿ ಚಿಕ್ಕಮ್ಮ ಅಲುಗಿದ್ದರು. ಮತ್ತೆ ಎದ್ದು ಬಂದರು. ನನಗೆ ಸಿಕ್ಕಿದ್ದು ಚಿಕ್ಕಮ್ಮ ಮತ್ತು ಖಾಲಿ ಕುರ್ಚಿ. ಚಿಕ್ಕಮ್ಮ ಮತ್ತು ಒಂದು ಪಂಚೆಯ ಅಂಚು. ಚಿಕ್ಕಮ್ಮ ಮತ್ತು ಚಿಕ್ಕಪ್ಪನ ಬೆನ್ನು. ಪುರೋಹಿತರು ಕರೆದೇಬಿಟ್ಟರು. ಚಿಕ್ಕಮ್ಮನ ಮುಖ ಬಾಡಿತು.

ಶಾಂತಿಯಲ್ಲಿ ಮತ್ತೊಮ್ಮೆ ಮಾಂಗಲ್ಯ ಕಟ್ಟಿಸಿ, ಮದುವೆಯಂತೆಯೇ ಗಂಡನ ಶಲ್ಯಕ್ಕೂ ಹೆಂಡತಿಯ ಸೆರಗಿಗೂ ಗಂಟು ಹಾಕಿದರು. ಆಗ ಚಿಕ್ಕಮ್ಮ ನನ್ನತ್ತ ನೋಡಿ ಹುಬ್ಬು ಹಾರಿಸಿದರು. ನಾನು ಓಡಿಹೋಗಿ ಎದುರಿಗೆ ನಿಂತು ಲೆನ್ಸು ತಿರುಗಿಸಿದೆ.

"ತಡಿ, ಫೋಕಸ್…" ಎನ್ನುತ್ತ ಚಿಕ್ಕಪ್ಪ ಅರ್ಧ ಎದ್ದರು. ಚಿಕ್ಕಮ್ಮ ಗಂಟನ್ನು ಹಿಡಿದು ಸುಮ್ಮನೆ ಒಂದು ಸಲ ಜಗ್ಗಿದರು. ಚಿಕ್ಕಪ್ಪ ಧೊಪ್ಪನೆ ಅವರ ಭುಜಕ್ಕೊರಗಿ ಕೂತು ಹೋ ಎಂದು ನಕ್ಕರು. ಚಿಕ್ಕಮ್ಮನೂ ನಕ್ಕರು. ಕ್ಲಿಕ್.

ಚಿಕ್ಕಪ್ಪ ಫೋಟೋವನ್ನು ತುಂಬಾ ಹೊತ್ತು ನೋಡಿದರು. "ಫೋಕಸ್ ನನ್ನ ಮೇಲಿಲ್ಲ, ಅವಳ ಮೇಲಿದೆ" ಎಂದರು. ಆಮೇಲೆ ಮೆಲ್ಲಗೆ, "ಅಲ್ಲೇ ಇರಬೇಕಾದ್ದು."

ಹಳೇ ಲೆನ್ಸನ್ನು ಕೈಬಿಟ್ಟ ಆ ಕಂಪನಿಯವರಿಗೆ ಅಂದಿನಿಂದ ನಾನು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೇನೆ. ಕ್ಯಾಮೆರಾ ತಾನೇ ಫೋಕಸ್ ಮಾಡಿದ್ದರೆ, ಬೆಳಿಗ್ಗೆಯೇ ಬಿಗಿದ ಮುಖಗಳ ಒಂದು ಫೋಟೋ ತೆಗೆದು ನಾನು ತಿಂಡಿಗೆ ಹೋಗಿಬಿಡುತ್ತಿದ್ದೆ.

ಎಲ್ಲ ಮುಗಿದ ಮೇಲೆ ಪುರೋಹಿತರು, "ಅಮ್ಮಾ, ಇನ್ನು ಗಂಟು ಬಿಚ್ಚಬಹುದು" ಎಂದರು.

ಚಿಕ್ಕಮ್ಮ ಗಂಟನ್ನು ಇನ್ನಷ್ಟು ಬಿಗಿದರು.

"ಇರ್ಲಿ ಬಿಡಿ ಸ್ವಾಮಿ. ಊಟದ ಫೋಟೋ ಇನ್ನೂ ಆಗಿಲ್ಲ."