ಪ್ಯಾನೆಲ್ಲಿನ ಬೆನ್ನಿಗೆ ಹುರುಳಿ ಮೂಟೆ

ಈ ಭಾನುವಾರ ಮಾವನ ಬಾಯಲ್ಲಿ ‘ಭೇಷ್’ ಅನ್ನಿಸದಿದ್ದರೆ ತನ್ನ ಹೆಸರು ಧರ್ಮೇಂದ್ರನೇ ಅಲ್ಲ! ಹೊಣಕೆರೆಯ ತನ್ನ ಮನೆಯ ತಾರಸಿಯಲ್ಲಿ, ಸೋಲಾರ್ ಪ್ಯಾನೆಲ್ಲುಗಳ ನೆರಳಲ್ಲಿ ನಿಂತು ಧರ್ಮೇಂದ್ರ ಈ ಘೋರ ಪ್ರತಿಜ್ಞೆ ಮಾಡಿದ. ಕೇಳಿಸಿಕೊಂಡದ್ದು ಒಂದು ಕಾಗೆ. ಅದೂ ಪೂರ್ತಿ ಕೇಳದೆ ಹಾರಿಹೋಯಿತು.

ಮಾವ ಮಂಚಯ್ಯನವರು ಪಾಂಡವಪುರದವರು. ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮುಂದೆ ಬೆವರು ಹರಿಸಿ ನಿವೃತ್ತರಾದವರು. ನಾಗಮಂಗಲದಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ಅಳಿಯನ ಮೇಲೆ ಅವರಿಗೆ ಪ್ರೀತಿಯಿತ್ತು, ಮರ್ಯಾದೆಯಿತ್ತು. ಮೆಚ್ಚುಗೆಯ ಸ್ಟಾಕು ಮಾತ್ರ ಇನ್ನೂ ಬಂದಿರಲಿಲ್ಲ. ಪ್ಯಾನೆಲ್ ಹಾಕಿಸಿದ ಹೊಸತರಲ್ಲಿ ಅದರ ಹಿಂಬದಿ ಮುಟ್ಟಿ, ಕೈ ಕೊಡವಿಕೊಂಡು, “ಏನ್ ಅಳೀಮಯ್ಯ, ಇಷ್ಟೊಂದ್ ಬಿಸೀನ ಸುಮ್ನೆ ಗಾಳಿಗ್ ಬುಡ್ತಾ ಇದೀರಲ್ಲ! ನಾವು ಕಬ್ಬಿನ್ ಸಿಪ್ಪೇನೂ ಬುಡ್ತಿರ್ಲಿಲ್ಲ, ಉರ್ಸಿ ಕೆಲ್ಸ ತಗೀತಿದ್ದೋ” ಅಂದಿದ್ದರು. ಆ ಮಾತು ಅಳಿಯನ ಎದೆಯಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತು.

ಧರ್ಮೇಂದ್ರ ಮೊಬೈಲಿನಲ್ಲಿ ಹುಡುಕಿದ. ಬಿಸ್ಕತ್ತಿನಗಲದ ಬಿಳಿ ಬಿಲ್ಲೆಗಳನ್ನು ತರಿಸಿದ. ಬಿಲ್ಲೆಯ ಒಂದು ಮುಖ ಬಿಸಿಯಾಗಿ, ಇನ್ನೊಂದು ತಣ್ಣಗಿದ್ದರೆ ಸಾಕು, ನಡುವೆ ಕರೆಂಟು ಹುಟ್ಟುತ್ತದೆ! ಇದನ್ನು ಹೆಂಡತಿ ರಂಜಿತಳಿಗೆ ಉಪನ್ಯಾಸದಂತೆ ವಿವರಿಸಿದ.

“ಒಂದ್ ಕಡೆ ಬಿಸಿ, ಒಂದ್ ಕಡೆ ತಣ್ಣಗೆ ಇರ್ಬೇಕಾ?” ರಂಜಿತ ಮುದ್ದೆ ತಿರುವುತ್ತಲೇ ಕೇಳಿದಳು. “ಅಂಗಾದ್ರೆ ಪ್ಯಾನೆಲ್ ಯಾಕ್ರೀ? ನಿಮ್ಗೂ ನಮ್ಮಪ್ಪಂಗೂ ಮಧ್ಯ ಇಕ್ಬುಡಿ. ಹೊಣಕೆರೆ ಬೀದಿ ದೀಪೆಲ್ಲ ಉರೀತವೆ.”

“ನಗು, ನಗು. ಭಾನುವಾರ ನಿಮ್ಮಪ್ಪ ಏನಂತಾರೋ ನೋಡು!”

ಬಿಲ್ಲೆಗಳೇನೋ ಪ್ಯಾನೆಲ್ಲಿನ ಬೆನ್ನಿಗೆ ಅಂಟಿದವು, ಅವುಗಳ ತಂತಿಯ ತುದಿಗೊಂದು ಪುಟ್ಟ ಬಲ್ಬೂ ನೇತಾಡಿತು. ಬಿಸಿಗೆ ಬರವಿರಲಿಲ್ಲ, ಬರವಿದ್ದದ್ದು ತಂಪಿಗೆ. ಒದ್ದೆ ಗೋಣಿಚೀಲ ಕಟ್ಟಿದ. ಖಾಲಿ ಚೀಲ ಜೋತುಬಿದ್ದು ಬಿಲ್ಲೆಯನ್ನು ಮುಟ್ಟಲೇ ಇಲ್ಲ. ತುಂಬಿದ ಚೀಲವಾದರೆ ಒತ್ತಿ ಕೂರುತ್ತದೆ. ಅಟ್ಟದ ಮೇಲೆ ಹುರುಳಿ ಮೂಟೆಯಿತ್ತು. ಹುರುಳಿಯೆಂದರೆ ಕಲ್ಲಿನಂಥ ಕಾಳು, ನೀರಿಗೆಲ್ಲ ಜಗ್ಗುತ್ತದೆಯೇ? ಕೆಲಸ ಮುಗಿದ ಮೇಲೆ ಒಣಗಿಸಿಟ್ಟರಾಯಿತು! ರಂಜಿತ ಡೇರಿಗೆ ಹಾಲು ಹಾಕಲು ಹೋದ ಹೊತ್ತಿನಲ್ಲಿ ಮಹಾ ವಿಜ್ಞಾನಿ ಏದುಸಿರು ಬಿಡುತ್ತ ಮೂಟೆ ಹೊತ್ತೊಯ್ದು, ಪ್ಯಾನೆಲ್ಲಿನ ಅಡಿಗೆ ಬಿಗಿಯಾಗಿ ಕಟ್ಟಿ, ಮೇಲೊಂದು ಬಿಂದಿಗೆ ನೀರು ಸುರಿದ.

ಆಮೇಲೆ ಬೆಳಿಗ್ಗೆ ಸಂಜೆ ಇದೇ ಸೇವೆ.

“ಅದೇನ್ರೀ ಬಿಂದಿಗೆ ಹೊತ್ಕಂಡ್ ಮ್ಯಾಕ್ ಮ್ಯಾಕ್ ಹೋಗ್ತೀರಿ? ಕೊಟ್ಟಿಗೇಲಿರೋ ಹಸೂಗ್ ಒಂದಿನ ನೀರಿಟ್ಟವ್ರಲ್ಲ!”

“ಸಂಶೋಧನೆ ಕಣೆ. ನಿಂಗೆ ತಿಳಿಯಾಕಿಲ್ಲ.”

ಭಾನುವಾರ ಬಂತು. ಮಂಚಯ್ಯನವರೂ ಬಂದರು, ಗಂಜಿ ಹಾಕಿದ ಬಿಳಿ ಪಂಚೆಯಲ್ಲಿ. ಕಾಫಿ ಲೋಟ ಕೆಳಗಿಡುವ ಮುಂಚೆಯೇ ಅಳಿಯ ಅವರನ್ನು ತಾರಸಿಗೆ ಹತ್ತಿಸಿ, ಪ್ಯಾನೆಲ್ಲಿನ ಅಡಿ ನಿಲ್ಲಿಸಿ, ರಾಜಮುದ್ರೆ ಒತ್ತುವ ಗತ್ತಿನಲ್ಲಿ ಸ್ವಿಚ್ಚು ಒತ್ತಿದ.

“ಎಲ್ಲಪ್ಪಾ ಬಲ್ಬು?”

“ಉರೀತಾ ಅದೆ ಮಾವ! ಇಲ್ಲೇ, ನಿಮ್ ಮೂಗಿನ್ ಮುಂದೆ!”

“ಈ ಬೆಳಕಲ್ಲಿ ನನ್ ಮೂಗೂ ಕಾಣಾಕಿಲ್ವಲ್ಲ.”

ವಿಜ್ಞಾನಿ ಸೋಲುವವನೇ? ಹೆಗಲ ಮೇಲಿನ ಟವಲನ್ನು ಇಬ್ಬರ ತಲೆಗೂ ಬಲ್ಬಿಗೂ ಸೇರಿಸಿ ಹೊದಿಸಿದ. ಒಳಗೆ ಸಣ್ಣ ಕತ್ತಲು. ಮಾವ ಅಳಿಯ ಕೆನ್ನೆಗೆ ಕೆನ್ನೆ ತಾಗಿಸಿ ಉಸಿರು ಹಿಡಿದರು. ಆ ಕತ್ತಲಲ್ಲಿ ಒಂದು ಕೆಂಪು ಚುಕ್ಕಿ, ನಾಚಿಕೊಂಡು ಬಂದ ಮಿಣುಕುಹುಳದ ಹಾಗೆ.

“ಊ ಕಣಪ್ಪಾ! ಬೀಡಿ ತುದಿಯಂಗೆ ಅದೆ. ಬರೀ ಬಿಸೀಲಿ ಉರೀತದಾ? ಭೇ...”

ಧರ್ಮೇಂದ್ರನ ಕಿವಿ ನಿಮಿರಿತು. ಅಷ್ಟರಲ್ಲೇ ತಲೆಯ ಮೇಲೆ ‘ಟರ್ರ್’ ಎಂದಿತು! ನೆಂದು ಉಬ್ಬಿದ ಕಾಳು ಚೀಲದ ಹೊಲಿಗೆ ಬಿರಿಸಿ, ಟವಲಿನ ಮೇಲೆ, ಪಂಚೆಯ ಮೇಲೆ, ಇಬ್ಬರ ಜುಬ್ಬದೊಳಗೆ ದಬದಬ ಸುರಿಯಿತು. ಬಲ್ಬು ಆ ರಾಶಿಯಲ್ಲಿ ಸಮಾಧಿಯಾಯಿತು.

ಸದ್ದಿಗೆ ಓಡಿಬಂದ ರಂಜಿತ ಬಾಗಿಲಲ್ಲೇ ನಿಂತಳು. “ಅಯ್ಯೋ! ವರ್ಷಕ್ಕಿಟ್ಟಿದ್ ಉಳ್ಳಿಕಾಳು ಕಣ್ರೀ ಅದು!”

ಟವಲು ಸರಿದಾಗ ಮಂಚಯ್ಯನವರ ಮೀಸೆಯಲ್ಲೊಂದು ಕಾಳು ಸಿಕ್ಕಿಕೊಂಡಿತ್ತು. ಬೆರಳಲ್ಲಿ ಹಿಡಿದು ಬಿಸಿಲಿಗೆ ಎತ್ತಿದರು. ಬಿಳಿಯ ಎಳೆ ಮೊಳಕೆ, ಹುಟ್ಟಿದ ಕರುವಿನ ಬಾಲದಷ್ಟು ಮುದ್ದಾಗಿ ಬಾಗಿತ್ತು. ಬಾಯಿಗೆ ಹಾಕಿಕೊಂಡು ಅಗಿದರು. ಇನ್ನೊಂದು ಹಾಕಿಕೊಂಡರು. ಧರ್ಮೇಂದ್ರ ಕಣ್ಣು ಮುಚ್ಚಿ ಬೈಗುಳಕ್ಕೆ ಸಿದ್ಧನಾದ.

“ಈ ಮಾಗಿ ಚಳೀಲಿ ನಿಮ್ಮತ್ತೆ ಬಟ್ಟೇಲ್ ಕಟ್ಟಿ ಒಲೆ ಮಗ್ಗುಲಲ್ಲಿಟ್ರೂ ಇಂಗ್ ಮೊಳಕೆ ಬರಾಕಿಲ್ಲ. ಭೇಷ್ ಅಳೀಮಯ್ಯ, ಭೇಷ್! ಆ ಬಲ್ಬ್ ಯಾಕ್ ಅಡ್ಡ? ಕಿತ್ತಾಕ್ಬುಡಿ.”

ಊಟಕ್ಕೆ ಮುದ್ದೆ, ಮೊಳಕೆ ಹುರುಳಿಯ ಸಾರು. ರಾತ್ರಿಗೂ ಅದೇ. ಆದರೂ ರಾಶಿ ಕರಗಲಿಲ್ಲ. ರಂಜಿತ ಬೀದಿಯ ಮನೆ ಮನೆಗೂ ಪಾತ್ರೆಯಲ್ಲಿ ಹಂಚಿ, ಕೇಳಿದವರಿಗೂ ಕೇಳದವರಿಗೂ ಗಂಡನ ಸಂಶೋಧನೆಯ ಕಥೆ ಹೇಳಿ ಬಂದಳು.

ಮರುದಿನ ಧರ್ಮೇಂದ್ರ ಅಂಗಡಿಗೆ ಹೊರಟಾಗ ಪಕ್ಕದ ಮನೆಯ ಅಣ್ಣಮ್ಮನವರು ಗೇಟಿನಲ್ಲಿ ನಿಂತಿದ್ದರು, ಕೈಯಲ್ಲಿ ಒದ್ದೆ ಬಟ್ಟೆಯ ಗಂಟು.

“ಧರ್ಮಪ್ಪ, ಹೆಸ್ರುಕಾಳು ಕಣಪ್ಪ. ನಾಳೀಕ್ ಬೀಗ್ರು ಬತ್ತಾವ್ರೆ. ನಿನ್ ಮಿಷನ್ನಲ್ಲಿ ಇಕ್ಕೊಡು.”

ಧರ್ಮೇಂದ್ರ ಎದೆ ಸೆಟೆಸಿದ. “ಅಣ್ಣಮ್ಮೋರೇ, ಅದು ಬಿಸಿಯಿಂದ ಕರೆಂಟ್ ತೆಗಿಯೋ ವ್ಯವಸ್ಥೆ!”

ಅಣ್ಣಮ್ಮನವರು ಗಂಟನ್ನು ಎದೆಗೆ ಅವಚಿಕೊಂಡರು. ಮುಖದಲ್ಲಿ ನಿಜವಾದ ಆತಂಕ ಕಾಣಿಸಿಕೊಂಡಿತು.

“ಅಯ್ಯೋ, ಅಂಗಾದ್ರೆ ಮಧ್ಯದಲ್ಲಿ ಕರೆಂಟ್ ಹೋದ್ರೆ ಮೊಳಕೆ ನಿಂತೋಯ್ತದಾ?”